ಪಕ್ಕದ ಸೀಟಿನ ಬ್ರೇಕು

ಜೂನ್ ೩, ಸೋಮವಾರ

ಕಾಲೇಜು ಮುಗಿದ ಮೇಲೆ ಬೆಳಗಾಗುವುದಕ್ಕೆ ಅರ್ಥವೇ ಇಲ್ಲದಂತಾಗಿದೆ. ಏಳುವುದಕ್ಕೆ ಕಾರಣವಿಲ್ಲ, ಮಲಗಿರುವುದಕ್ಕೆ ಅಮ್ಮ ಬಿಡುವುದಿಲ್ಲ. ಇವತ್ತು ಮೂರನೆಯ ಕಂಪನಿಯೂ "ನಿಮ್ಮ ಮುಂದಿನ ಪ್ರಯತ್ನಗಳಿಗೆ ಶುಭವಾಗಲಿ" ಎಂದು ಉತ್ತರ ಕಳಿಸಿತು. ಇಷ್ಟೊಂದು ಜನ ಶುಭ ಹಾರೈಸುತ್ತಿದ್ದರೂ ನನಗೆ ಶುಭವಾಗದೇ ಇರುವುದು ಸಂಖ್ಯಾಶಾಸ್ತ್ರಕ್ಕೇ ವಿರುದ್ಧ. ನಾನು ಓದಿದ್ದು ಅದನ್ನೇ, ಹಾಗಾಗಿ ಹೇಳುವ ಹಕ್ಕಿದೆ.

ಅಪ್ಪ ಆ ಉತ್ತರವನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು. ನಿವೃತ್ತಿಯಾಗುವವರೆಗೂ ಗಣಿತದ ಮೇಷ್ಟ್ರಾಗಿದ್ದವರು. ಎರಡನೇ ಸಲ ಓದಿದರೆ ಉತ್ತರ ಬದಲಾಗಬಹುದು ಎಂದುಕೊಂಡರೋ ಏನೋ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಮಾವನ ಫೋನು. ಮಾವ ಎಂದರೆ ಅಮ್ಮನ ತಮ್ಮ, ಡ್ರೈವಿಂಗ್ ಸ್ಕೂಲ್ ನಡೆಸುವವನು. ಕಾರು ಕಲಿಯುವವರ ಪಕ್ಕದಲ್ಲೇ ಆಯುಷ್ಯ ಕಳೆದರೂ ಮೈಗೆ ಒಂದು ತರಚು ಗಾಯವೂ ಆದವನಲ್ಲ. ನಿನ್ನೆ ಬಲ್ಬ್ ಬದಲಿಸಲು ಸ್ಟೂಲ್ ಹತ್ತಿ, ಅಲ್ಲಿಂದ ಬಿದ್ದು, ಪಾದದ ಮೂಳೆ ಮುರಿದುಕೊಂಡಿದ್ದಾನೆ.

"ಪ್ಲಾಸ್ಟರ್ ಬಿಚ್ಚೋವರೆಗೂ ನೀನೇ ಕೂತ್ಕೋಬೇಕು ಕಣೇ. ನಿನಗೆ ಕಲಿಸಿದ್ದು ನಾನೇ ತಾನೆ? ಗುರುದಕ್ಷಿಣೆ ಅಂದ್ಕೋ. ಕಾಗದಪತ್ರ ಎಲ್ಲ ನಾನು ಮಾಡಿಸ್ತೀನಿ."

"ಕೆಲಸ ಸಿಗೋವರೆಗೂ ಮಾತ್ರ" ಎಂದೆ.

"ಹೂಂ ಮೇಡಂ, ತಮ್ಮ ಕೆಲಸ ಸಿಗೋವರೆಗೂ ಮಾತ್ರ" ಎಂದು ನಕ್ಕ. ಮೂಳೆ ಮುರಿದರೂ ಕೊಬ್ಬು ಇಳಿದಿಲ್ಲ.

ಜೂನ್ ೧೦, ಸೋಮವಾರ

ಇವತ್ತಿನಿಂದ ನಾನು ಮೇಷ್ಟ್ರು. ಅಥವಾ ಮೇಷ್ಟ್ರ ಮಗಳು ಮೇಷ್ಟ್ರ ಸೀಟಿನಲ್ಲಿ.

ಮಾವನ ಕಾರು ಹೊರಗಿನಿಂದ ಎಲ್ಲ ಕಾರಿನಂತೆಯೇ ಇದೆ, ಮೈಮೇಲೆ ಉಜ್ಜಿದ ಗುರುತು ಸ್ವಲ್ಪ ಹೆಚ್ಚು, ಅಷ್ಟೇ. ಒಳಗೆ ಪಕ್ಕದ ಸೀಟಿನ ಮುಂದೆ, ಕಾಲಿನ ಹತ್ತಿರವೂ ಒಂದು ಬ್ರೇಕು, ಒಂದು ಕ್ಲಚ್ಚು ಇವೆ. ಕಲಿಯುವವರು ಗಾಬರಿಯಾದಾಗ ಕಲಿಸುವವರು ಒತ್ತಲಿಕ್ಕೆ. ರಬ್ಬರ್ ಸವೆದು ನುಣುಪಾಗಿರುವುದು ಡ್ರೈವರಿನ ಕಡೆಯ ಬ್ರೇಕಲ್ಲ, ಮಾವನ ಕಡೆಯದ್ದು.

ಇದನ್ನು ಕಂಡಾಗ ಅಪ್ಪನ ನೆನಪಾಯಿತು. ಅಪ್ಪನಿಗೆ ಗಾಡಿ ಓಡಿಸಲು ಬರುವುದಿಲ್ಲ, ಆದರೆ ಯಾರ ಕಾರಿನಲ್ಲಿ ಕೂತರೂ ಎದುರಿಗೆ ಏನಾದರೂ ಬಂದರೆ ಇಲ್ಲದ ಬ್ರೇಕನ್ನು ನೆಲಕ್ಕೆ ಒತ್ತುತ್ತಾರೆ. ಪ್ರಯಾಣ ಮುಗಿಯುವ ಹೊತ್ತಿಗೆ ಓಡಿಸಿದವರಿಗಿಂತ ಅವರೇ ಹೆಚ್ಚು ಸುಸ್ತಾಗಿರುತ್ತಾರೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡರು ಎಂದು ಅಮ್ಮ ರೇಗಿಸುತ್ತಾಳೆ. ನಮ್ಮ ಮನೆಯ ಹಳೇ ಜೋಕು ಇದು.

ಬೆಳಿಗ್ಗೆ ಮೊದಲು ಹಲ್ಲಿನ ಡಾಕ್ಟರು. ಎದುರಿಗೆ ಬರುವ ಪ್ರತಿ ಗಾಡಿಗೂ "ಸಾರಿ, ಸಾರಿ" ಎನ್ನುತ್ತಾರೆ, ಕಿಟಕಿ ಮುಚ್ಚಿದ್ದರೂ. ಅವರಾದ ಮೇಲೆ ಟೈಲರಮ್ಮ.

ಟೈಲರಮ್ಮನಿಗೆ ಅಮ್ಮನಿಗಿಂತ ಹೆಚ್ಚು ವಯಸ್ಸು. ಹುಡುಗಿಯಾಗಿದ್ದಾಗ ಹೊಲಿಗೆ ಮಿಷನ್ ಮುಂದೆ ಕೂತವರು ಇನ್ನೂ ಎದ್ದಿಲ್ಲ. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಕಾರು ಕಲಿಯಲು ಬಂದಿದ್ದರು. ಮಾವ ಎರಡು ವಾರ ಕಲಿಸಿದ್ದಾನಂತೆ. ಸೀಟಿನಲ್ಲಿ ಕೂತವರೇ ಪೆಡಲನ್ನು ಹಿಮ್ಮಡಿ, ಮುಂಗಾಲು, ಹಿಮ್ಮಡಿ, ಮುಂಗಾಲು ಎಂದು ತುಳಿಯಲು ಶುರುಮಾಡಿದರು. ಕಾರು ಎದ್ದೆದ್ದು ಕುಣಿಯಿತು.

"ಅಮ್ಮಾ, ಇದು ಹೊಲಿಗೆ ಮಿಷನ್ ಅಲ್ಲ. ಒಂದೇ ಸಮ ಒತ್ತಿ."

"ಗೊತ್ತು ಕಣಮ್ಮ, ತಲೆಗೆ ಗೊತ್ತು. ಕಾಲಿಗೆ ಹೇಳೋರ್ಯಾರು?"

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ಕ್ಲಚ್ಚೊಂದು ಕಡೆ, ಗೇರೊಂದು ಕಡೆ. ಆದರೂ ಈ ಹೆಂಗಸು ನನಗೆ ಇಷ್ಟವಾದರು. ಪ್ರತಿ ಸಲ ಇಂಜಿನ್ ನಿಂತಾಗಲೂ ಮಕ್ಕಳು ಬಿದ್ದಾಗ ಅನ್ನುವ ಹಾಗೆ "ಏನೂ ಆಗ್ಲಿಲ್ಲ, ಏನೂ ಆಗ್ಲಿಲ್ಲ" ಎಂದು ಕಾರಿಗೆ ಸಮಾಧಾನ ಹೇಳುತ್ತಾರೆ.

ಜೂನ್ ೧೪, ಶುಕ್ರವಾರ

ಈ ವಯಸ್ಸಿನಲ್ಲಿ ಇಷ್ಟೊಂದು ಕಷ್ಟಪಟ್ಟು ಯಾಕೆ ಕಲಿಯುತ್ತಿದ್ದಾರೆ ಎಂದು ಇವತ್ತು ಕೇಳಿಬಿಟ್ಟೆ. ರೈಲ್ವೆ ಗೇಟು ಹಾಕಿತ್ತು, ಇಂಜಿನ್ ಆರಿಸಿದ್ದೆವು.

"ನಮ್ಮನೆಯವರು ಟ್ಯಾಕ್ಸಿ ಓಡಿಸ್ತಿದ್ರು. ಸಾಯಂಕಾಲ ಬಂದು ನನ್ನ ಮಿಷನ್ ಪಕ್ಕ ಕೂತು, ಇವತ್ತು ಇಂಥಾ ರಸ್ತೆಗೆ ಹೋಗಿದ್ದೆ, ಇಂಥಾ ಜಾಗ ನೋಡ್ದೆ ಅಂತ ಹೇಳೋರು. ನಾನು ಕೂತಲ್ಲೇ ಊರೆಲ್ಲ ನೋಡ್ಬಿಟ್ಟೆ. ಈಗ ಅವರ ಕಣ್ಣು ಮಂಜಾಗಿದೆ. ಆಪರೇಷನ್‌ಗೂ ಸರಿಹೋಗಲ್ಲ ಅಂದ್ಬಿಟ್ರು ಡಾಕ್ಟ್ರು. ಈಗ ಮಾತೇ ಇಲ್ಲ. ಸಾಯಂಕಾಲ ಆದ್ರೆ ಹೋಗಿ ನಿಂತಿರೋ ಕಾರೊಳಗೆ ಕೂತ್ಕೋತಾರೆ. ಬಾಗಿಲು ಹಾಕ್ಕೊಂಡು. ಸುಮ್ನೆ."

ಕಾರನ್ನು ಮಾರಿಬಿಡುತ್ತೇನೆ ಎಂದಿದ್ದಾರಂತೆ ಯಜಮಾನರು. ಒಬ್ಬ ಮೆಕ್ಯಾನಿಕ್ಕು ಕೊಳ್ಳಲು ಒಪ್ಪಿಯೂ ಆಗಿದೆ. ಟೈಲರಮ್ಮ ಹಟ ಹಿಡಿದು ಜುಲೈ ಕೊನೆಯವರೆಗೆ ಗಡುವು ಕೇಳಿದ್ದಾರೆ. ಅಷ್ಟರೊಳಗೆ ಲೈಸೆನ್ಸ್ ಸಿಕ್ಕರೆ ಕಾರು ಉಳಿಯುತ್ತದೆ.

"ಕಾರು ಹೋದ್ರೆ ಹೋಗ್ಲಿ ಕಣಮ್ಮ. ಆದ್ರೆ ಆಮೇಲೆ ಅವರು ಎಲ್ಲಿ ಹೋಗಿ ಕೂತ್ಕೋತಾರೆ?"

ರೈಲು ಹೋಯಿತು. ಹಿಂದಿನವರು ಹಾರ್ನ್ ಬಾರಿಸಿದ ಮೇಲೆ ಇಂಜಿನ್ ಶುರುಮಾಡಿದೆವು. ಇವರಿಗೆ ಲೈಸೆನ್ಸ್ ಕೊಡಿಸದೆ ಬಿಡುವುದಿಲ್ಲ.

ಜೂನ್ ೨೦, ಗುರುವಾರ

ಟೈಲರಮ್ಮ ಒಂದೇ ವಾರಕ್ಕೆ ಬೇರೆ ಮನುಷ್ಯರಾಗಿಬಿಟ್ಟಿದ್ದಾರೆ. ತಿರುವು ಚೆನ್ನಾಗಿ ತೆಗೆದುಕೊಳ್ಳುತ್ತಾರೆ, ಬಟ್ಟೆಯ ಅಂಚಿನ ಮೇಲೆ ಹೊಲಿಗೆ ಹಾಕುವ ಕೈಯಲ್ಲವೇ. ನಿಲ್ಲಿಸುವುದಂತೂ ಎಷ್ಟು ನಯ! ಗೆರೆಯ ಹತ್ತಿರ ಬಂದಾಗ ಪೆಡಲಿನಿಂದ ಕಾಲು ತೆಗೆದು, ಬಲ ಅಂಗೈಯನ್ನು ಮೆಲ್ಲಗೆ ಸ್ಟಿಯರಿಂಗಿನ ಮೇಲಿಡುತ್ತಾರೆ. ಕಾರು ಹಾಗೇ ತಣ್ಣಗೆ ನಿಲ್ಲುತ್ತದೆ. ಅಂಗೈ ಹಾರ್ನಿಗೆ ತಾಗಿ ಒಂದು ಸಣ್ಣ "ಪೀಂ" ಕೇಳುತ್ತದೆ, ಅದೊಂದನ್ನು ಬಿಡಿಸಬೇಕು. ನಮ್ಮ ಕಾರು ಎಲ್ಲಿ ನಿಂತಿತೆಂದು ಬೀದಿಗೆಲ್ಲ ಗೊತ್ತಾಗುತ್ತಿದೆ.

ನಾನು ಸುಮ್ಮನೆ ಕಾಲು ಇಟ್ಟುಕೊಂಡಿರುತ್ತೇನೆ, ಅಷ್ಟೇ. ಅವರೇ ನೋಡಿಕೊಳ್ಳುತ್ತಾರೆ.

"ನಿನ್ನ ಕೈಗುಣ ಕಣಮ್ಮ" ಎಂದರು. ಮನೆಯವರೆಗೂ ಶಿಳ್ಳೆ ಹಾಕಿಕೊಂಡು ಬಂದೆ.

ಬಲಗಾಲಿನ ಮೀನಖಂಡ ಯಾಕೋ ವಿಪರೀತ ನೋವು. ದಿನವಿಡೀ ಕೂತೇ ಇರುವವಳಿಗೆ ಕಾಲು ನೋವು ಹೇಗೆ ಬರುತ್ತದೆ? ಅಮ್ಮ ನೋವಿನ ಎಣ್ಣೆ ಹಚ್ಚಿ, "ಮೂರು ಹೊತ್ತೂ ಫೋನ್ ನೋಡಿದ್ರೆ ಇನ್ನೇನಾಗತ್ತೆ" ಎಂದಳು. ಅಮ್ಮನ ಪ್ರಕಾರ ಹಲ್ಲುನೋವಿಗೂ ಫೋನೇ ಕಾರಣ.

ನಾಲ್ಕನೆಯ ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂದಿದೆ, ಮುಂದಿನ ವಾರ. ನಾನು ಅರ್ಜಿ ಹಾಕಿದ್ದು ನೆನಪೇ ಇಲ್ಲ. ಇಷ್ಟು ಕಡೆ ಹಾಕಿದ್ದೇನೆ, ಹಾಕಿರಬೇಕು.

ಜೂನ್ ೨೭, ಗುರುವಾರ

ಸಂದರ್ಶನ ಎಂದರೆ ಹೀಗಿರಬೇಕು! ಮ್ಯಾನೇಜರು ಎದ್ದು ನಿಂತು ಕುರ್ಚಿ ತೋರಿಸಿದರು. ಬೇರೆ ಕಡೆಯವರ ಹಾಗೆ "ಐದು ವರ್ಷದ ನಂತರ ನಿಮ್ಮನ್ನು ಎಲ್ಲಿ ಕಾಣುತ್ತೀರಿ" ಎಂದು ಜ್ಯೋತಿಷ್ಯ ಕೇಳಲಿಲ್ಲ. ಕಾಫಿ ತರಿಸಿದರು. ನಾನು ಓದಿದ್ದರ ಬಗ್ಗೆ ಒಂದೇ ಒಂದು ಪ್ರಶ್ನೆ, ಅದಕ್ಕೆ ಉತ್ತರ ಮುಗಿಸುವ ಮೊದಲೇ "ಸಾಕು, ಸಾಕು" ಎಂದರು. ಅಷ್ಟು ಬೇಗ ನನ್ನ ಸಾಮರ್ಥ್ಯ ಗುರುತಿಸಿದರು. ಹೊರಡುವಾಗ ಮೆಟ್ಟಿಲವರೆಗೂ ಬಂದು, "ತಂದೆಯವರನ್ನ ಕೇಳಿದೆ ಅಂತ ಹೇಳಿ" ಎಂದರು. ಎಂಥ ಸಂಸ್ಕಾರವಂತರು. ದೊಡ್ಡ ಕುರ್ಚಿಯಲ್ಲಿ ಕೂತವರು ಯಾರ ತಂದೆಯನ್ನು ಕೇಳುತ್ತಾರೆ ಈ ಕಾಲದಲ್ಲಿ?

ಅಪ್ಪನಿಗೆ ಹೇಳಿದೆ. "ಹೌದಾ? ಒಳ್ಳೇ ಮನುಷ್ಯ ಇರಬೇಕು" ಎಂದು ಪೇಪರ್ ತಿರುವಿ ಹಾಕಿದರು.

ಜುಲೈ ೨, ಮಂಗಳವಾರ

ಸಿಕ್ಕಿತು! ಆಗಸ್ಟ್ ಒಂದಕ್ಕೆ ಸೇರಬೇಕು.

ಅಮ್ಮ ಅಕ್ಕಪಕ್ಕದವರಿಗೆಲ್ಲ ಹೇಳಿ ಬಂದಳು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ಇನ್ನೇನು, ದಡ ಸೇರಿದ್ಯಲ್ಲ" ಎಂದರು. ನನಗೆ ಖುಷಿಯಾಗಿದೆ, ತುಂಬ ಖುಷಿಯಾಗಿದೆ.

ಟೈಲರಮ್ಮನ ಪರೀಕ್ಷೆ ಒಂಬತ್ತಕ್ಕೆ. ಇವತ್ತು ಮಾರುಕಟ್ಟೆಯ ಜನಜಂಗುಳಿಯಲ್ಲಿ ಓಡಿಸಿದರು. ಒಂದು ನಾಯಿ ಅಡ್ಡ ಬಂತು. ಬೇರೆ ಯಾರಾದರೂ ಕಿರುಚಿಬಿಡುತ್ತಿದ್ದರು. ಇವರು ತಣ್ಣಗೆ ಅಂಗೈ ಇಟ್ಟರು, ಪೀಂ, ಕಾರು ನಿಂತಿತು, ನಾಯಿ ಮರ್ಯಾದೆಯಿಂದ ದಾಟಿತು. ಹೊಸ ಕೆಲಸದ ವಿಷಯ ಬರೆಯಬೇಕೆಂದು ಕೂತವಳು ನಾಯಿಯ ವಿಷಯ ಬರೆಯುತ್ತಿದ್ದೇನೆ. ಹೊಸ ಕೆಲಸದಲ್ಲಿ ನಾನು ಮಾಡಬೇಕಾದ್ದು ಏನೆಂದು ಅವರು ಇನ್ನೂ ಹೇಳಿಲ್ಲ.

ಜುಲೈ ೯, ಮಂಗಳವಾರ

ಫೇಲ್.

ನಾನು ಕಾಂಪೌಂಡಿನ ಹತ್ತಿರ ನಿಂತು ನೋಡುತ್ತಿದ್ದೆ. ಪರೀಕ್ಷಕರು ಪಕ್ಕದ ಸೀಟಿನಲ್ಲಿ ಕಾಲು ಹಿಂದಕ್ಕೆ ಎಳೆದುಕೊಂಡು ಕೂತರು. ತಿರುವು ಸರಿಯಾಯಿತು, ಏರು ಸರಿಯಾಯಿತು. ನಿಲ್ಲಿಸುವ ಗೆರೆ ಬಂತು. ಹಾರ್ನ್ ಕೇಳಿಸಿತು, ಉದ್ದಕ್ಕೆ. ಹಿಂದಿನ ಕೆಂಪು ದೀಪ ಹತ್ತಲೇ ಇಲ್ಲ. ಕಾರು ಗೆರೆ ದಾಟಿ, ಸಾಲಾಗಿಟ್ಟಿದ್ದ ಪ್ಲಾಸ್ಟಿಕ್ ಕಂಬಗಳನ್ನು ಒಂದೊಂದಾಗಿ ಮಲಗಿಸಿ, ಮಣ್ಣಿನ ದಿಬ್ಬಕ್ಕೆ ತಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

"ನಿನ್ನೆವರೆಗೂ ನಿಲ್ತಿತ್ತಲ್ಲಮ್ಮ" ಎಂದರು ಟೈಲರಮ್ಮ. ಬಿಳಿಚಿಕೊಂಡಿದ್ದರು. "ಅದೇ ಕಾರು. ಅದೇ ಕಾಲು."

ಅವರನ್ನು ಮನೆಗೆ ಬಿಟ್ಟು ಬಂದೆ. ಅವರ ಯಜಮಾನರು ಬಾಗಿಲಲ್ಲೇ ಇದ್ದರು. ಶಬ್ದ ಕೇಳಿ ನಗುತ್ತ ಮುಂದೆ ಬಂದವರು, ಯಾರೂ ಏನೂ ಹೇಳದ್ದರಿಂದ ಅರ್ಥ ಮಾಡಿಕೊಂಡು ಒಳಗೆ ಹೋದರು.

ಜುಲೈ ೧೦, ಬುಧವಾರ

ಮಾವನ ಮನೆಗೆ ಹೋಗಿ ಜಗಳ ತೆಗೆದೆ. ನಿನ್ನ ಕಾರಿನ ಬ್ರೇಕೇ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯಿತು ಎಂದು ಈಗ ಅನ್ನಿಸುತ್ತಿದೆ.

ಮಾವ ಪ್ಲಾಸ್ಟರ್ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಪೂರ್ತಿ ಕೇಳಿಸಿಕೊಂಡ.

"ಅವರು ನಿಲ್ಲಿಸೋವಾಗ ನಿನ್ನ ಕಾಲು ಎಲ್ಲಿರತ್ತೆ?"

"ಬ್ರೇಕ್ ಮೇಲೆ. ಸುಮ್ನೆ ಇಟ್ಕೊಂಡಿರ್ತೀನಿ."

"ಯಾವ ಕಾಲು?"

"ಬಲಗಾಲು."

"ಈ ಎಣ್ಣೆ ವಾಸನೆ ಬರ್ತಿರೋ ಕಾಲಾ?"

ನಾನು ಕಾಲು ನೋಡಿಕೊಂಡೆ. ಹೊಲಿಗೆ ಮಿಷನ್ ನಿಲ್ಲಿಸುವುದು ಹೇಗೆ? ಕಾಲು ಬಿಟ್ಟು, ಪಕ್ಕದ ಚಕ್ರದ ಮೇಲೆ ಅಂಗೈ ಇಟ್ಟು. ಟೈಲರಮ್ಮ ಇಷ್ಟು ದಿನ ಮಾಡಿದ್ದು ಅದನ್ನೇ. ಅವರು ಒಂದು ದಿನವೂ ಬ್ರೇಕ್ ಒತ್ತಿಲ್ಲ. ಅಂಗೈ ಸ್ಟಿಯರಿಂಗಿಗೆ ತಾಗಿದ ಕೂಡಲೇ ನಾನು ಒತ್ತುತ್ತಿದ್ದೆ. ನನಗೇ ಗೊತ್ತಿಲ್ಲದ ಹಾಗೆ, ಅಷ್ಟು ನಯವಾಗಿ.

"ಎರಡು ವಾರ ನಾನೂ ಅದನ್ನೇ ಮಾಡಿದ್ದೆ ಅನ್ಸತ್ತೆ" ಎಂದ ಮಾವ, ತಲೆ ಕೆರೆದುಕೊಂಡು. "ಪಾಪ ಅನ್ನಿಸ್ತಿತ್ತು ಕಣೇ." ಆಮೇಲೆ ಇಬ್ಬರಿಗೂ ನಗು ಬಂತು, ಬರಬಾರದಾಗಿತ್ತು, ಬಂತು.

ಮೂವತ್ತಕ್ಕೆ ಇನ್ನೊಂದು ಪರೀಕ್ಷೆ ಗೊತ್ತು ಮಾಡಿಸಿದ್ದಾನೆ. ಮೆಕ್ಯಾನಿಕ್ಕು ಬರುವುದು ಮೂವತ್ತೊಂದಕ್ಕೆ. ಆದರೆ ಮೊದಲು ಟೈಲರಮ್ಮನಿಗೆ ವಿಷಯ ಹೇಳಬೇಕು. ಯಾವ ಮುಖ ಇಟ್ಟುಕೊಂಡು ಹೇಳಲಿ?

ಜುಲೈ ೧೨, ಶುಕ್ರವಾರ

ಹೇಳಿದೆ.

ಅವರ ಅಂಗಡಿ ಒಂದೇ ಕೋಣೆ. ಗಾಜಿನ ಭರಣಿಗಳಲ್ಲಿ ಬಣ್ಣಬಣ್ಣದ ಗುಂಡಿ, ಗೋಡೆಗೆ ನೇತುಹಾಕಿದ ತೋಳಿಲ್ಲದ ಶಾಲಾ ಅಂಗಿಗಳು, ನೆಲದಲ್ಲಿ ನೂಲಿನ ಚೂರು. ಅವರು ಮಿಷನ್ ತುಳಿಯುತ್ತಲೇ ಇದ್ದರು. ನಾನು ನಿಂತುಕೊಂಡೇ ಒಂದೇ ಉಸಿರಿನಲ್ಲಿ ಎಲ್ಲ ಒದರಿಬಿಟ್ಟೆ. ಅವರು ಕಾಲು ಬಿಟ್ಟು, ಅಂಗೈಯನ್ನು ಚಕ್ರದ ಮೇಲಿಟ್ಟರು. ಮಿಷನ್ ನಿಂತಿತು. ಆ ಕೈಯನ್ನೇ ನೋಡುತ್ತ ಕೂತುಬಿಟ್ಟರು.

"ಅಂದ್ರೆ ಇಷ್ಟು ದಿನ ಓಡಿಸಿದ್ದು ನೀನು."

"ಹಾಗಲ್ಲಮ್ಮ, ತಿರುಗಿಸ್ತಿದ್ದೋರು ನೀವೇ, ಗೇರು ನೀವೇ..."

"ಮನೆಗೆ ಬಂದು ಅವರಿಗೆ ಹೇಳ್ತಿದ್ದೆ, ಇವತ್ತು ನಾಯಿ ಅಡ್ಡ ಬಂತು, ಎಷ್ಟು ನಯವಾಗಿ ನಿಲ್ಲಿಸ್ದೆ ಗೊತ್ತಾ ಅಂತ. ಎಷ್ಟೋ ದಿನ ಆದ್ಮೇಲೆ ಅವರು ನಕ್ಕಿದ್ರು."

ನನಗೆ ಅಳು ಬಂದುಬಿಟ್ಟಿತು. "ಒಳ್ಳೇದಕ್ಕೇ ಮಾಡ್ದೆ ಅಮ್ಮ. ಬೇಕಂತ ಅಲ್ಲ."

"ಒಳ್ಳೇದಕ್ಕೇ ಕಣಮ್ಮ. ಅದಕ್ಕೇ ಬೈಯೋಕೂ ಆಗ್ತಿಲ್ಲ."

ಮತ್ತೆ ಹೊಲಿಯಲು ಶುರುಮಾಡಿದರು. ನಾಳೆ ಬರುತ್ತಾರೋ ಇಲ್ಲವೋ ಕೇಳುವ ಧೈರ್ಯವಾಗಲಿಲ್ಲ.

ಜುಲೈ ೧೩, ಶನಿವಾರ

ಬರಲಿಲ್ಲ.

ಜುಲೈ ೧೫, ಸೋಮವಾರ

ಬಂದರು! ಕೊರಳಲ್ಲಿ ಟೇಪಿಲ್ಲ. ಬಾಗಿಲು ತೆಗೆದು ನನ್ನ ಕಡೆ ಬೆರಳು ತೋರಿಸಿದರು.

"ಚಪ್ಪಲಿ ಬಿಚ್ಚು."

ಬಿಚ್ಚಿದೆ.

"ಕಾಲು ಸೀಟಿನ ಮೇಲೆ ಮಡಚ್ಕೊಂಡು ಕೂತ್ಕೋ. ಹಾಂ, ಹಾಗೆ. ನಾನು ಹೇಳೋವರೆಗೂ ಇಳಿಸ್ಬಾರ್ದು."

ಚಕ್ಕಳಮಕ್ಕಳ ಹಾಕಿಕೊಂಡು ಕೂತೆ, ಕಲಿಸುವವಳು ಯಾರು, ಕಲಿಯುವವರು ಯಾರು ಎಂದು ಗೊತ್ತಾಗದ ಹಾಗೆ. ಮಾವನಿಗೆ ಫೋನ್ ಮಾಡಿ ಕೇಳಿದೆ. ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗು, ನಡುವಿನ ಕೈಬ್ರೇಕಿನ ಮೇಲೆ ಒಂದು ಕೈ ಇರಲಿ, ಜೀವ ಹೋಗುವ ಹಾಗಿದ್ದರೆ ಮಾತ್ರ ಎಳಿ ಎಂದ.

ಮೈದಾನದಲ್ಲಿ ನಿಲ್ಲಬೇಕಾದ ಜಾಗಕ್ಕೆ ಅವರದ್ದೇ ಅಂಗಡಿಯ ಒಂದು ಕೆಂಪು ಬಟ್ಟೆ ಹಾಸಿದೆವು. ಮೊದಲ ಸಲ ಅಂಗೈ, ಪೀಂ, ಬಟ್ಟೆಯ ಮೇಲೆಯೇ ಕಾರು ಹೋಯಿತು. ಎರಡನೆಯ ಸಲವೂ. ಅವರು ಬೆವರುತ್ತಿದ್ದರು, ನಾನು ಅವರಿಗಿಂತ ಹೆಚ್ಚು. ಮಡಚಿದ ಬಲಗಾಲು ತಾನಾಗಿಯೇ ಕೆಳಗೆ ಹೊರಡುತ್ತಿತ್ತು, ಅದನ್ನು ಕೈಯಿಂದ ಹಿಡಿದುಕೊಂಡೆ. ಕಾಲು ಇಳಿಸದೆ ಕೂರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವರು ತಪ್ಪುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ, ಅದಕ್ಕೇ ಒತ್ತುತ್ತಿದ್ದೆ. ಅವರಿಗಾಗಿ ಅಲ್ಲ, ನನಗಾಗಿ.

ಎಷ್ಟನೆಯ ಸಲವೋ, ಅವರು ಎರಡೂ ಕೈಯಲ್ಲಿ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು, "ಕಾಲೇ, ಕಾಲೇ, ನನ್ನಪ್ಪಾ" ಎಂದು ಜೋರಾಗಿ ಕರೆದರು. ಕಾಲು ಕೇಳಿಸಿಕೊಂಡಿತು. ಕಾರು ಎಗರಿ ನಿಂತಿತು. ನನ್ನ ಹಣೆ ಮುಂದಿನ ಗಾಜಿಗೆ ತಾಗುವುದೊಂದು ಬಾಕಿ.

"ನಯವಾಗಿ ಇರ್ಲಿಲ್ಲ" ಎಂದರು.

"ಇರ್ಲಿಲ್ಲ."

"ಆದ್ರೆ ನಾನೇ ನಿಲ್ಲಿಸ್ದೆ."

"ನೀವೇ."

ಕೆಂಪು ಬಟ್ಟೆ ಹಾಳಾಯಿತು. ಒಗೆದರೆ ಹೋಗುತ್ತದೆ ಎಂದರು.

ಜುಲೈ ೨೧, ಭಾನುವಾರ

ಇವತ್ತಿನದನ್ನು ಬರೆಯುವಾಗಲೂ ನಗು ಬರುತ್ತಿದೆ.

ಮಾವನ ಕಾರನ್ನು ಸರ್ವಿಸಿಗೆ ಬಿಟ್ಟು ಬರಬೇಕಿತ್ತು. ಅಪ್ಪ, "ಅದೇ ದಾರೀಲಿ ನನಗೊಂದು ಕೆಲಸ ಇದೆ, ನಾನೂ ಬರ್ತೀನಿ" ಎಂದು ಪಕ್ಕದಲ್ಲಿ ಕೂತರು. ವೃತ್ತದ ಹತ್ತಿರ, ದೂರದಲ್ಲಿ, ಬಹಳ ದೂರದಲ್ಲಿ, ಒಬ್ಬರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ನಾನು ವೇಗ ಇಳಿಸಬೇಕು ಎಂದುಕೊಳ್ಳುತ್ತಿದ್ದ ಹಾಗೇ ಕಾರು ಕಿರುಚಿಕೊಂಡು ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಹಿಂದೆ ಹಾರ್ನುಗಳ ಮೇಳ.

"ಏನಾಯ್ತು? ಯಾಕೆ ನಿಲ್ಲಿಸ್ದೆ?" ಎಂದರು ಅಪ್ಪ.

"ನಾನಲ್ಲ. ನೀವು."

"ನಾನೇನೂ ಮಾಡ್ಲಿಲ್ಲಪ್ಪ!"

"ಅಪ್ಪ, ಕಾಲು ನೋಡ್ಕೊಳ್ಳಿ."

ಜೀವಮಾನವಿಡೀ ನೆಲ ಒತ್ತಿದವರ ಕಾಲ ಕೆಳಗೆ ಮೊದಲ ಸಲ ನಿಜವಾದ ಬ್ರೇಕು ಇತ್ತು. ಅಪ್ಪ ತಮ್ಮ ಬೂಟನ್ನೂ ಪೆಡಲನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. ಅವರ ಮುಖ ನೋಡಬೇಕಿತ್ತು! ನಾನು ನಕ್ಕೆ, ಅವರೂ ನಕ್ಕರು, ಹಿಂದಿನವರು ಬೈದುಕೊಂಡು ಮುಂದೆ ಹೋದರು. ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದೆ. ನಗುತ್ತ ನಗುತ್ತಲೇ ಅದು ಎಲ್ಲಿಂದ ಬಂತೋ, ಕೇಳಿಬಿಟ್ಟೆ.

"ಅಪ್ಪ, ನಿಮ್ಮನ್ನ ಕೇಳಿದೆ ಅಂದ್ರಲ್ಲ, ಆ ಮ್ಯಾನೇಜರು ನಿಮಗೆ ಗೊತ್ತಾ?"

ಅಪ್ಪನ ನಗು ನಿಂತಿತು. ಕನ್ನಡಕ ತೆಗೆದು ಒರೆಸಿದರು.

"ನನ್ನ ಸ್ಟೂಡೆಂಟು. ಲೆಕ್ಕದಲ್ಲಿ ಸ್ವಲ್ಪ ವೀಕು."

"ನೀವು ಹೇಳಿದ್ರಾ?"

"ಒಂದು ಮಾತು. ಒಂದೇ ಮಾತು ಕಣಮ್ಮ. ಆ ಮೂರನೇ ಉತ್ತರ ಬಂದಾಗ ನೀನು ತಟ್ಟೆ ನೋಡ್ತಾ ಕೂತಿದ್ದೆ. ನನ್ನ ಕೈಲಿ ನೋಡೋಕಾಗ್ಲಿಲ್ಲ."

ಸಿಟ್ಟು ಬರಬೇಕಿತ್ತು. ಸ್ವಲ್ಪ ಬಂತು ಕೂಡ. ನಾನೇ ಗೆದ್ದೆ ಎಂದು ಮನೆತುಂಬ ಕುಣಿದಿದ್ದೆನಲ್ಲ, ಅದು ನೆನಪಾಗಿ ನಾಚಿಕೆಯಾಯಿತು. ಆದರೆ ನನ್ನ ಬಲಗಾಲು ಮೈದಾನದಲ್ಲಿ ಕೆಳಗಿಳಿಯಲು ಹೇಗೆ ಒದ್ದಾಡಿತ್ತು ಎಂಬುದೂ ನೆನಪಾಯಿತು.

"ಒಳ್ಳೇದಕ್ಕೇ ಅಪ್ಪ" ಎಂದೆ. "ಅದಕ್ಕೇ ಬೈಯೋಕೂ ಆಗ್ತಿಲ್ಲ."

ಅಲ್ಲಿಂದ ಗ್ಯಾರೇಜಿನವರೆಗೂ ಅಪ್ಪ ಎರಡೂ ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡು, ಮಂಡಿಯ ಮೇಲೆ ಕೈಯಿಟ್ಟು, ಶಾಲೆಗೆ ಹೊಸದಾಗಿ ಬಂದ ಮಗುವಿನಂತೆ ಕೂತಿದ್ದರು. ಒಂದು ಲಾರಿ ಎದುರಿಗೆ ಬಂದಾಗ ಕಣ್ಣು ಮುಚ್ಚಿಕೊಂಡರು. ಕಾಲು ಮಾತ್ರ ಅಲುಗಿಸಲಿಲ್ಲ. ಅವರಿಗೆ ಗ್ಯಾರೇಜಿನ ದಾರಿಯಲ್ಲಿ ಯಾವ ಕೆಲಸವೂ ಇರಲಿಲ್ಲ. ನಾನು ಹೇಗೆ ಓಡಿಸುತ್ತೇನೆ ಎಂದು ನೋಡಲು ಬಂದಿದ್ದರು.

ಜುಲೈ ೨೩, ಮಂಗಳವಾರ

ಕೆಲಸ ಬೇಡವೆಂದು ಕಂಪನಿಗೆ ಬರೆದೆ. ಕಾರಣ ಏನು ಕೊಡುವುದೆಂದು ತಿಳಿಯಲಿಲ್ಲ. ಕೊನೆಗೆ "ನಿಮ್ಮ ಮುಂದಿನ ಪ್ರಯತ್ನಗಳಿಗೆ ಶುಭವಾಗಲಿ" ಎಂದು ಸೇರಿಸಿದೆ. ಎಷ್ಟು ದಿನದಿಂದ ಯಾರಿಗಾದರೂ ಹಾರೈಸಬೇಕೆಂದಿದ್ದೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಮ್ಮ ಪಾತ್ರೆಗಳ ಹತ್ತಿರ ದೂರು ಹೇಳುತ್ತಿದ್ದಾಳೆ, ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಅಪ್ಪ ಪೇಪರ್ ಹಿಂದೆ ಅಡಗಿದ್ದಾರೆ.

ಭಯವಾಗಿದೆ. ಮುಂದೇನು ಎಂದು ಯಾರಾದರೂ ಕೇಳಿದರೆ ಹೇಳಲು ಏನೂ ಇಲ್ಲ. ಆದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿದೆ, ಇದೇನು ವಿಚಿತ್ರವೋ. ಬೆಳಿಗ್ಗೆ ಹಲ್ಲಿನ ಡಾಕ್ಟರಿಗೆ ಸೇತುವೆ ಏರಿಸುವುದು ಹೇಳಿಕೊಡಬೇಕು, ಬೇಗ ಮಲಗುತ್ತೇನೆ.

ಜುಲೈ ೩೦, ಮಂಗಳವಾರ

ಟೈಲರಮ್ಮನ ಯಜಮಾನರೂ ಬಂದಿದ್ದರು. ನನ್ನ ಪಕ್ಕ ಕಾಂಪೌಂಡಿನ ಗೋಡೆ ಹಿಡಿದು ನಿಂತರು.

"ಹೇಳ್ತಾ ಇರಮ್ಮ. ನನಗೆ ಮಂಜು ಮಂಜಾಗಿ ಏನೋ ಓಡಾಡಿದ ಹಾಗೆ ಕಾಣತ್ತೆ, ಅಷ್ಟೇ."

ಹೇಳುತ್ತ ಹೋದೆ. ತಿರುವು ಆಯಿತು. ಏರಿನಲ್ಲಿ ಸ್ವಲ್ಪ ಹಿಂದೆ ಜಾರಿತು, ಮತ್ತೆ ಹಿಡಿದರು. ಈಗ ಗೆರೆಯ ಕಡೆ ಬರುತ್ತಿದ್ದಾರೆ. ಅಲ್ಲಿಗೆ ಬಂದಾಗ ನನ್ನ ಮಾತು ನಿಂತುಹೋಯಿತು. ಯಜಮಾನರು ನನ್ನ ಕೈ ಹಿಡಿದುಕೊಂಡರು.

"ಹಾರ್ನ್ ಕೇಳಿಸ್ಲಿಲ್ಲ" ಎಂದರು ಮೆಲ್ಲಗೆ. ಆಮೇಲೆ, "ದೀಪ ಹತ್ತಿತಾ?"

"ಹತ್ತಿತು. ಎರಡೂ ಹತ್ತಿದವು. ನಿಂತ್ರು. ಗೆರೆಗಿಂತ ಈಚೆಗೇ ನಿಂತ್ರು!"

"ಕೆಂಪಗೆ ಏನೋ ಕಂಡ ಹಾಗಾಯ್ತು ನನಗೂ" ಎಂದರು. ಕಂಡಿತೋ ಇಲ್ಲವೋ. ಅವರ ಗಲ್ಲ ಒದ್ದೆಯಾಗಿತ್ತು, ನನ್ನದೂ.

ನಾಳೆ ಬೆಳಿಗ್ಗೆಯೇ ಮೆಕ್ಯಾನಿಕ್ಕಿಗೆ ಬರಬೇಡ ಎಂದು ಹೇಳಬೇಕು ಎಂದು ಟೈಲರಮ್ಮ ಕಾರಿನಿಂದ ಇಳಿಯುವ ಮೊದಲೇ ಶುರುಮಾಡಿದರು. "ನಾನು ಆಗ್ಲೇ ಹೋದ ವಾರ ಹೇಳ್ಬಿಟ್ಟೆ" ಎಂದರು ಯಜಮಾನರು. "ಫೇಲಾಗಿದ್ರೆ ಇನ್ನೊಂದ್ಸಲ ಕೂತ್ಕೊಳ್ಳೋಳು ನೀನು. ಅದು ನನಗೆ ಗೊತ್ತಿಲ್ವಾ?"

ಆಗಸ್ಟ್ ೧, ಗುರುವಾರ

ಇವತ್ತು ಎಂಟು ಗಂಟೆಗೆ ಹಲ್ಲಿನ ಡಾಕ್ಟರು. ಸೇತುವೆಯ ಮೇಲೆ ಒಂದೇ ಒಂದು ಸಲ "ಸಾರಿ" ಎಂದರು, ಅದೂ ನನಗೆ. ಅವರ ನಂತರ ಹೊಸಬರು ಒಬ್ಬರು, ದಾದಿ, ರಾತ್ರಿ ಪಾಳಿ ಮುಗಿಸಿ ಆಕಳಿಸುತ್ತ ಬಂದಿದ್ದರು. ನಿದ್ದೆಗಣ್ಣಲ್ಲಿ ಸ್ಟಿಯರಿಂಗ್ ಮುಟ್ಟಬಾರದು ಎಂದು ಮನೆಗೆ ಕಳಿಸಿ, ಸಂಜೆಯ ಹೊತ್ತು ಕೊಟ್ಟೆ. ಟೈಲರಮ್ಮನ ಗೆಳತಿಯರು ಮೂವರು ಸೇರಬೇಕಂತೆ, ಅವರಿಗೆ ಮಧ್ಯಾಹ್ನವೇ ಆಗಬೇಕಂತೆ. ಮೈದಾನಕ್ಕೆ ಸರಿಯಾದ ಗುರುತಿನ ಕಂಬಗಳು ಬೇಕು, ಎಷ್ಟು ದಿನ ಬಟ್ಟೆ ಹಾಸುವುದು? ಮಾವನಿಗೆ ಪ್ಲಾಸ್ಟರ್ ಬಿಚ್ಚಿದ್ದಾರೆ. ಕೋಲು ಹಿಡಿದುಕೊಂಡು ಬಂದು, "ಇನ್ನು ತಾವು ಹೊರಡಬಹುದು ಮೇಡಂ" ಎಂದ. "ಎಲ್ಲಿಗೆ?" ಎಂದೆ. ಅವನು ಕಾರಿನ ಬೀಗದ ಕೈಯನ್ನು ನನ್ನ ಕಡೆಗೇ ಎಸೆದ.

ಸಂಜೆ ನಮ್ಮ ಬೀದಿಯಲ್ಲಿ "ಪೀಂ" ಎಂದು ಕೇಳಿಸಿತು. ಹೊರಗೆ ಓಡಿದೆ. ಹಳೆಯ ಟ್ಯಾಕ್ಸಿ, ತೊಳೆದು ಫಳಫಳ ಹೊಳೆಯುತ್ತಿತ್ತು. ಟೈಲರಮ್ಮ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ನೇರ ಮುಂದೆ ನೋಡುತ್ತಿದ್ದರು, ನನ್ನ ಕಡೆ ತಿರುಗಲೂ ಇಲ್ಲ. ಪಕ್ಕದಲ್ಲಿ ಯಜಮಾನರು ಕಿಟಕಿ ಇಳಿಸಿಕೊಂಡು, ಮುಖವನ್ನು ಗಾಳಿಗೆ ಒಡ್ಡಿ, ಕೈಬೀಸಿದರು. "ಈಗ ಎಡಗಡೆ ಏನ್ ಬಂತು, ಹೇಳು" ಎನ್ನುವುದು ಕೇಳಿಸಿತು. "ಮೇಷ್ಟ್ರ ಮಗಳ ಮನೆ ರೀ. ಬಾಗಿಲಲ್ಲೇ ನಿಂತಿದ್ದಾಳೆ. ಹಳದಿ ಅಂಗಿ, ತೋಳು ಸಡಿಲ, ಯಾರು ಹೊಲಿದ್ರೋ" ಎನ್ನುತ್ತ ಟೈಲರಮ್ಮ ತಿರುವು ತೆಗೆದುಕೊಂಡರು.

ಅಪ್ಪ ನನ್ನ ಹಿಂದೆ ನಿಂತು ನೋಡುತ್ತಿದ್ದರು. "ನನಗೂ ಕಲಿಸ್ತೀಯಾ?" ಎಂದರು. "ಮೊದಲು ಚಪ್ಪಲಿ ಬಿಚ್ಚೋದು ಕಲೀರಿ" ಎಂದೆ.

ಈಗ ಬರೆಯಲು ಕೂತು ಮೇಲೆ ತಾರೀಖು ಹಾಕಿದಾಗಲೇ ಹೊಳೆದದ್ದು: ಇವತ್ತು ನಾನು ಆ ಕೆಲಸಕ್ಕೆ ಸೇರಬೇಕಿತ್ತು. ಇಡೀ ದಿನ ಒಮ್ಮೆಯೂ ನೆನಪಾಗಲಿಲ್ಲ.

ಅಮ್ಮ ಎಣ್ಣೆಯ ಸೀಸೆ ಹಿಡಿದು ಬಂದಿದ್ದಾಳೆ. ಅಂದರೆ ರಾಜಿಯಾಗಿದೆ. "ಬಾ, ಹಚ್ತೀನಿ. ಯಾವ ಕಾಲೇ ನೋವು ಅಂದಿದ್ದೆ?"

ಎರಡೂ ಕಾಲನ್ನು ಚಾಚಿ, ಒತ್ತಿ ನೋಡಿಕೊಂಡೆ. ಯಾವುದೆಂದು ಗೊತ್ತಾಗಲಿಲ್ಲ.